ಮುಳ್ಳುಹಂದಿಯ ಬಿಲ

ತುಂಬು ಬಸುರಿ ಮುಳ್ಳುಹಂದಿ ನಿಂತಲ್ಲಿ ನಿಲ್ಲಲಾರದೆ ಪೊದೆಯಿಂದ ಪೊದೆಗೆ ಅಲೆಯುತ್ತಿತ್ತು. ಗುಡ್ಡದ ಸೀಳುನಾಯಿಗಳ ಕೂಗು ದಿನೇದಿನೇ ಹತ್ತಿರವಾಗುತ್ತಿತ್ತು. ಬಿಲ ತೋಡುವುದರಲ್ಲಿ ಹೆಸರಾದ ಹೆಗ್ಗಣದ ಬಳಿ ಹೋಗಿ, "ಅಣ್ಣಾ, ತೋಡುವ ಶಕ್ತಿ ನನಗಿಲ್ಲ, ಒಂದು ಬಿಲ ಮಾಡಿಕೊಡು" ಎಂದು ಬೇಡಿತು.

ಹೆಗ್ಗಣ ನುಣ್ಣನೆಯ ಬಿಲ ತೋಡಿತು. ತಾನೇ ಒಳಗೆಲ್ಲ ಓಡಾಡಿ, "ಎಷ್ಟು ಚೆನ್ನಾಗಿದೆ!" ಎಂದು ಮೆಚ್ಚಿಕೊಂಡಿತು.

ಅಷ್ಟರಲ್ಲಿ ಸೀಳುನಾಯಿಗಳು ಹತ್ತಿರದಲ್ಲೇ ಕೂಗಿದವು. ಮುಳ್ಳುಹಂದಿ ಒಳಗೆ ನುಗ್ಗಿತು. ಅರ್ಧ ದಾರಿಯಲ್ಲೇ ಮುಳ್ಳುಗಳು ಗೋಡೆಗೆ ನಾಟಿ ಅದು ಸಿಕ್ಕಿಕೊಂಡಿತು.

"ಮುಳ್ಳು ಮಡಚಿಕೊಳ್ಳಮ್ಮ! ಬಿಲದಲ್ಲೇನೂ ತಪ್ಪಿಲ್ಲ" ಎಂದು ಹೆಗ್ಗಣ ಹಿಂದಿನಿಂದ ಕೂಗಿತು.

"ಹೆದರಿದಾಗ ಮುಳ್ಳು ತಾನಾಗಿ ಏಳುತ್ತದಣ್ಣಾ. ಹೆದರಿದವರಿಗೇ ಅಲ್ಲವೇ ಬಿಲ ಬೇಕಾಗುವುದು?"

ಹೆಗ್ಗಣ ಬಿಲದೊಳಗೆ ನುಸುಳಿತು. ಮುಳ್ಳು ನಾಟಿದಲ್ಲೆಲ್ಲ ಗಡಿಬಿಡಿಯಿಂದ ಮಣ್ಣು ಕೆದರಿತು. "ಈಗ ತಿರುಗಿ ನೋಡು. ಎಲ್ಲಿ ತಾಗುತ್ತದೆ?" ಎಂದು ಕೇಳಿ, ಮುಳ್ಳುಹಂದಿ ಹೇಳಿದಲ್ಲಿ ಮತ್ತೆ ಕೆದರಿತು.

ಸೀಳುನಾಯಿಗಳು ಬಂದು ಮೂತಿ ತೂರಿಸಿದಾಗ ಮುಳ್ಳುಹಂದಿ ಬೆನ್ನು ತಿರುಗಿಸಿ ನಿಂತಿತ್ತು. ಅವು ಕುಂಯ್‌ಗುಡುತ್ತ ಓಡಿದವು.

"ಗೋಡೆಯೆಲ್ಲ ಸೊಟ್ಟಗಾಯಿತಲ್ಲ" ಎಂದು ಹೆಗ್ಗಣ ಪೇಚಾಡಿತು. ಮುಳ್ಳುಹಂದಿಗೆ ಅದು ಕೇಳಿಸಲಿಲ್ಲ. ಎಷ್ಟೋ ದಿನಗಳ ಮೇಲೆ ಅದು ಕಾಲು ಚಾಚಿ ನಿದ್ದೆ ಹೋಗಿತ್ತು.