ಹೊಳೆಗೆ ಹಾಕದ ಕಾಸು

ಒಂದಾನೊಂದು ಕಾಲದಲ್ಲಿ, ಹೊಳೆಗಳಿಗೆ ಇನ್ನೂ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ಚೆನ್ನಾಜಿ ಅಂತ ಒಬ್ಬಳು ಅಂಬಿಗರ ಹೆಂಗಸು ಇದ್ದಳಂತೆ. ಕಾಲು ನೀಡ್ಕೊಂಡು ನೆಟ್ಟಗೆ ಮಲಕ್ಕೋ ಮರಿ, ಈ ಕತೆ ಶುರು ಮಾಡಿದ್ರೇ ನಂಗೆ ಮೈ ಉರಿಯುತ್ತೆ, ನೀನು ಬೇರೆ ಒದೀಬೇಡ. ಆ ಚೆನ್ನಾಜಿಗೆ ಗಂಡ ಇರಲಿಲ್ಲವಂತೆ, ಮೂರು ಜನ ಗಂಡುಮಕ್ಕಳಂತೆ, ಹಂಪಣ್ಣ, ಓಬಳ, ಜಡಿಯ ಅಂತ. ಒಂದು ಹಳೇ ದೋಣಿ ಇತ್ತಂತೆ. ಈ ದಡದೋರನ್ನ ಆ ದಡಕ್ಕೆ, ಆ ದಡದೋರನ್ನ ಈ ದಡಕ್ಕೆ ದಾಟಿಸೋದೇ ಅವರ ಬದುಕಂತೆ.

ಆ ಹೊಳೇಲಿ ಒಂದು ಪದ್ಧತಿ ಇತ್ತಂತೆ. ನಡುಹೊಳೆಗೆ ಬಂದಾಗ ಹುಟ್ಟು ಹಾಕೋದು ನಿಲ್ಲಿಸಬೇಕು, ಕೂತಿರೋರೆಲ್ಲ ಗಂಗವ್ವನಿಗೆ ಅಂತ ಒಂದೊಂದು ಕಾಸು ನೀರಿಗೆ ಹಾಕಬೇಕು, ಆಮೇಲೇ ದೋಣಿ ಮುಂದಕ್ಕೆ. ಅವರವರ ಕಾಸು ಅವರವರೇ ಹಾಕಬೇಕು, ಇನ್ನೊಬ್ಬರ ಹತ್ತಿರ ಈಸ್ಕೊಂಡು ಹಾಕೋ ಹಾಗಿಲ್ಲ. ಬೇಸಿಗೇಲಿ ನೀರು ಇಳಿದಾಗ ಅಂಬಿಗರು ಮರಳು ಜಾಲಿಸಿ ಆ ಕಾಸು ಆರಿಸ್ಕೊಳ್ಳೋರು. ಗಂಗವ್ವ ಉಂಡು ಬಿಟ್ಟಿದ್ದು ಅಂಬಿಗರ ಪಾಲು ಅಂತ ಊರೇ ಒಪ್ಪಿತ್ತಂತೆ. ಚೆನ್ನಾಜಿ ಗಂಡ ಬದುಕಿದ್ದಾಗ, ಅಂಗಡೀಲಿ ನಡೆಯೋ ಕಾಸನ್ನ ಮನೆಖರ್ಚಿಗೆ ಕೊಟ್ಟು, ಯಾವುದೋ ಹಳೇ ರಾಜರ ಕಾಲದ ನಾಣ್ಯ ಸಿಕ್ಕಿದ್ರೆ ಮಾತ್ರ ಒಂದು ಸೋರೆ ಬುರುಡೇಲಿ ಹಾಕಿಡ್ತಿದ್ದನಂತೆ. ಒಂದಿನ ಇವೇ ನಮಗೊಂದು ಹೊಸ ದೋಣಿ ತಂದ್ಕೊಡ್ತಾವೆ ಕಣೇ ಅಂತಿದ್ದನಂತೆ. ಆಮೇಲೆ ಅವನು ಕಣ್ಮುಚ್ಚಿದ. ಬುರುಡೇಲಿ ಇದ್ದಿದ್ದು ಮೂರೇ ಮೂರು ನಾಣ್ಯ. ಒಂದರ ಮೇಲೆ ಆನೆ, ಒಂದರ ಮೇಲೆ ನವಿಲು, ಇನ್ನೊಂದರ ಮೇಲೆ ಮೀಸೆ ಬಿಟ್ಟ ಯಾವನೋ ರಾಜನ ಮುಖ.

ಅಷ್ಟೊತ್ತಿಗೆ ದೋಣಿ ತಳದ ಮರ ಲಡ್ಡಾಗಿ ಕೊಳೆತು ನೀರು ಒಸರೋಕೆ ಶುರುವಾಗಿತ್ತಂತೆ. ಊರಗೌಡ ಬಂದು, ನೋಡು ಚೆನ್ನಾಜಿ, ಮಳೆಗಾಲ ಬರೋದ್ರೊಳಗೆ ಹೊಸ ದೋಣಿ ಮಾಡಿಸದೇ ಇದ್ರೆ ದಾಟಿಸೋ ಹಕ್ಕು ಬೇರೆಯೋರಿಗೆ ಕೊಟ್ಬಿಡ್ತೀನಿ, ಜನರ ಜೀವದ ಪ್ರಶ್ನೆ ಅಂದನಂತೆ. ಹಕ್ಕು ಹೋದ್ರೆ ಅವರು ತಿನ್ನೋದೇನು? ಮಣ್ಣು. ಅದಕ್ಕೇ ಚೆನ್ನಾಜಿ ಹಿರೀಮಗನ ಕೈಗೆ ಆನೆ ನಾಣ್ಯ ಕೊಟ್ಟು, ಪೇಟೆ ಬಸಂತಪ್ಪನ ಹತ್ರ ಮಾರ್ಕೊಂಡು ಬಾ ಅಂದಳಂತೆ.

ಈ ಬಸಂತಪ್ಪ ಇದ್ದನಲ್ಲ, ಹಾಳಾದೋನು, ಹಳೇ ನಾಣ್ಯ ಕೂಡಿಸೋದೇ ಅವನ ವ್ಯಾಪಾರ. ಆಚೆ ದಡದ ರಾಜನಿಗೆ ಹಳೇ ನಾಣ್ಯ ಅಂದ್ರೆ ಹುಚ್ಚಂತೆ, ಕೇಳಿದಷ್ಟು ವರಹ ಕೊಡ್ತಿದ್ದನಂತೆ. ಆದ್ರೆ ಆ ಗುಟ್ಟು ಈಚೆ ದಡದಲ್ಲಿ ಬಸಂತಪ್ಪನೊಬ್ಬನಿಗೇ ಗೊತ್ತು.

ಹಂಪಣ್ಣ ಹೋದ. ಬಸಂತಪ್ಪ ನಾಣ್ಯನ ಮೂಸಿ ನೋಡಿ, ಅಂಚು ಮುರಿದಿದೆಯಲ್ಲಪ್ಪ, ಇದು ಎಮ್ಮೆ ಕೊರಳಿಗೆ ಕಟ್ಟೋಕೂ ಆಗಲ್ಲ, ನಿಮ್ಮಪ್ಪನ ಮುಖ ನೋಡಿ ಒಂದು ಸೇರು ಉಪ್ಪು ಕೊಡ್ತೀನಿ ಅಂದನಂತೆ. ಹಂಪಣ್ಣ ಉಪ್ಪು ಹೊತ್ಕೊಂಡು ಬಂದ. ಆಮೇಲೆ ಓಬಳ ನವಿಲು ನಾಣ್ಯ ತಗೊಂಡು ಹೋದ. ಇದು ಕಪ್ಪಾಗಿದೆ, ಹುಣಿಸೆಹಣ್ಣು ಹಾಕಿ ತಿಕ್ಕಿ ತಾ ಅಂದನಂತೆ ಬಸಂತಪ್ಪ. ಓಬಳ ಪಾಪ, ಹಬ್ಬದ ಚೆಂಬು ತಿಕ್ಕೋ ಹಾಗೆ ತಿಕ್ಕಿ ಫಳಫಳ ಅನ್ನಿಸ್ಕೊಂಡು ಹೋದ್ರೆ, ಅಯ್ಯೋ ಮುಟ್ಠಾಳ, ಹಳೇ ಕಳೆನೇ ಹೊರಟೋಯ್ತಲ್ಲೋ ಅಂತ ತಲೆ ಚಚ್ಕೊಂಡು, ಒಂದೇ ಒಂದು ಕಾಸು ಕೈಗೆ ಹಾಕಿ ಕಳಿಸಿದನಂತೆ. ಆಮೇಲೆ ಕಿರಿಯ ಜಡಿಯ ಮೀಸೆ ರಾಜನ್ನ ತಗೊಂಡು ಹೋದ. ಇದು ಹೊಳೇಲಿ ಸಿಕ್ಕಿದ್ದು ಅಲ್ವೇನೋ, ಅರಮನೆ ಸೊತ್ತು ಇದು, ರಾಜಭಟರಿಗೆ ಹೇಳಿದ್ರೆ ನಿನ್ನ ಕೈಗೆ ಕೋಳ ಬೀಳುತ್ತೆ, ಇಲ್ಲಿಟ್ಟು ಬಾಯಿ ಮುಚ್ಕೊಂಡು ಹೋಗು ಅಂತ ಗದರಿ, ಬಿಡಿಗಾಸೂ ಕೊಡದೆ ಓಡಿಸಿದನಂತೆ.

ಜಡಿಯ ಅಳ್ತಾ ಬಂದಾಗ ಚೆನ್ನಾಜಿಗೆ ಬಂದ ಸಿಟ್ಟು ಇಂತಿಂಥದ್ದಲ್ಲವಂತೆ. ಮಕ್ಕಳಿಗೂ ಬೈದಳಂತೆ, ಗಂಡನಿಗೂ ಬೈದಳಂತೆ, ಒಲೆ ಮುಂದೆ ಕೂತು ತನಗೆ ತಾನೇ ಬೈಕೊಂಡಳಂತೆ. ಆ ಉಪ್ಪನ್ನ ಒಂದು ಹರಳೂ ಅಡುಗೆಗೆ ಮುಟ್ಟಲಿಲ್ಲವಂತೆ. ಆ ಕಾಸನ್ನ ಸೆರಗಿನ ತುದೀಲಿ ಗಂಟು ಹಾಕ್ಕೊಂಡಳಂತೆ.

ಮಾರನೇ ದಿನ ನೋಡ್ತಾಳೆ, ಅದೇ ಬಸಂತಪ್ಪ ಜರಿ ರುಮಾಲು ಸುತ್ಕೊಂಡು, ಸೊಂಟಕ್ಕೆ ರೇಷ್ಮೆ ಚೀಲ ಸಿಕ್ಕಿಸ್ಕೊಂಡು ದೋಣಿ ಹತ್ತಿದ್ದಾನೆ. ಎಲ್ಲಿಗೆ ಸಾಹುಕಾರ್ರೇ ಅಂದ್ರೆ, ಅರಮನೆಗೆ, ನಾಣ್ಯ ತೋರಿಸೋಕೆ ಅಂತ ಬೀಗಿದನಂತೆ. ಉಪ್ಪಿಗೂ ಸಮ ಇಲ್ಲದ ನಾಣ್ಯಕ್ಕೆ ಅರಮನೇಲಿ ಏನು ಕೆಲಸ? ಚೆನ್ನಾಜಿಗೆ ಆಗಲೇ ಎಲ್ಲ ಅರ್ಥವಾಯ್ತಂತೆ. ಮಗನ ಕೈಯಿಂದ ಹುಟ್ಟು ಕಿತ್ಕೊಂಡು, ಇವತ್ತು ನಾನು ಹಾಕ್ತೀನಿ, ನೀನು ಪಕ್ಕಕ್ಕೆ ಸರಿ ಅಂದಳಂತೆ.

ನಡುಹೊಳೆ ಬಂತು. ಚೆನ್ನಾಜಿ ಹುಟ್ಟು ನಿಲ್ಲಿಸಿದಳು. ಕುಂಬಾರಗಿತ್ತಿ ಕಾಸು ಹಾಕಿದಳಂತೆ, ಬಳೆಗಾರ ಹಾಕಿದನಂತೆ, ದೋಣಿ ಹತ್ತಿದೋರೆಲ್ಲ ಹಾಕಿದರಂತೆ. ಬಸಂತಪ್ಪ ಮಾತ್ರ ಆಕಾಶ ನೋಡ್ತಾ ಕೂತಿದ್ದನಂತೆ. ಚಿಲ್ಲರೆ ತಂದಿಲ್ಲ ಕಣಮ್ಮ, ಬರೋವಾಗ ಹಾಕ್ತೀನಿ ಅಂದ.

ಚೀಲದಲ್ಲಿ ಇದೆಯಲ್ಲ ಸಾಹುಕಾರ್ರೇ, ಅಂಚು ಮುರಿದ ಆನೆ. ಒಂದು ಸೇರು ಉಪ್ಪಿನ ಬೆಲೆ ತಾನೇ? ಹಾಕಿ, ಅಂದಳಂತೆ.

ಅದಾ! ಅದು ನೂರು ವರಹ ಕಣೇ, ಅಂತ ಬಾಯಿಬಿಟ್ಟನಂತೆ ಬಸಂತಪ್ಪ.

ಹಾಗಾದ್ರೆ ಕಳೆ ಹೋದ ನವಿಲು ಹಾಕಿ, ಅಂದಳಂತೆ. ಅದು ಇನ್ನೂರು! ಅಂದನಂತೆ. ಹಾಗಾದ್ರೆ ಆ ಮೀಸೆಯೋನನ್ನ ಹಾಕಿ, ಕಳ್ಳಮಾಲು ನಿಮಗ್ಯಾಕೆ? ಅಂದಳಂತೆ. ಅಯ್ಯೋ, ಅವನು ರಾಜನ ಮುತ್ತಜ್ಜ, ಐನೂರಕ್ಕೆ ಒಂದು ವರಹ ಕಮ್ಮಿ ಕೊಡಲ್ಲ! ಅಂತ ಚೀಲ ಎದೆಗೆ ಅವುಚ್ಕೊಂಡನಂತೆ.

ದೋಣೀಲಿದ್ದೋರೆಲ್ಲ ಬಸಂತಪ್ಪನ ಕಡೆ ತಿರುಗಿದರಂತೆ. ಆಮೇಲೆ ಕುಂಬಾರಗಿತ್ತಿ ಎದ್ದು ನಿಂತು, ಲೋ, ನಮ್ಮಜ್ಜಿ ನಾಣ್ಯನ ಸೀಸದ್ದು ಅಂದ್ಯಲ್ಲೋ ಅಂದಳಂತೆ. ಬಳೆಗಾರ, ನಮ್ಮದನ್ನ ಖೋಟಾ ಅಂದ್ಯಲ್ಲೋ ಅಂದನಂತೆ. ಒಬ್ಬೊಬ್ಬರೇ ಬಾಯಿ ತೆಗೆದರಂತೆ, ದೋಣಿ ಅಲ್ಲಾಡಿತಂತೆ, ತಳದಿಂದ ನೀರು ಏರಿ ಬಸಂತಪ್ಪನ ಪಂಚೆ ನೆನೀತಂತೆ.

ಹುಟ್ಟು ಹಾಕೇ ಚೆನ್ನಾಜಿ, ಮುಳುಗ್ತೀವಿ ಅಂತ ಕಿರುಚಿದನಂತೆ.

ಆಗ ಅವಳು ಏನಂದಳು ಗೊತ್ತೇನೋ? ಮುಳುಗೋ ದೋಣೀಲಿ ದಿನಾ ನನ್ನ ಮಕ್ಕಳು ನಿಂತಿರ್ತಾರೆ. ಒಂದಿನ ನೀನೂ ಕೂತ್ಕೋ. ಒಂದೋ ನಿನ್ನ ಬೆಲೆ ಇಲ್ಲದ ನಾಣ್ಯ ನೀರಿಗೆ ಹಾಕು, ಇಲ್ಲಾ ನನ್ನ ಬೆಲೆ ಇರೋ ನಾಣ್ಯ ನನಗೆ ಕೊಡು. ಎರಡರಲ್ಲಿ ಒಂದಾಗದೆ ಈ ಹುಟ್ಟು ನೀರು ಮುಟ್ಟಲ್ಲ, ಅಂದಳಂತೆ. ಹಾಗೆ ಕೇಳಬೇಕು ಕಣೋ, ಹಲ್ಲು ಗಿಂಜ್ಕೊಂಡಲ್ಲ.

ಬಸಂತಪ್ಪ ಚೀಲ ಬಿಚ್ಚಿ ಮೂರನ್ನೂ ಕೊಟ್ಟನಂತೆ. ಚೆನ್ನಾಜಿ ಸೆರಗಿನ ಗಂಟು ಬಿಚ್ಚಿ, ನೀನು ನನ್ನ ಓಬಳನಿಗೆ ಕೊಟ್ಟ ಕಾಸು ತಗೋ, ಉಪ್ಪು ಮನೇಲಿದೆ, ಬಂದು ಹೊತ್ಕೊಂಡು ಹೋಗು. ಈಗ ಇದು ನಿನ್ನದೇ ಕಾಸು, ಗಂಗವ್ವನಿಗೆ ಹಾಕು ಅಂದಳಂತೆ. ಬಸಂತಪ್ಪ ಹಾಕಿದ. ಅವಳು ಹುಟ್ಟು ಎತ್ತಿದಳು.

ಆಚೆ ದಡದಲ್ಲಿ ಚೆನ್ನಾಜಿ ಸೀದಾ ಅರಮನೆಗೆ ಹೋದಳಂತೆ, ದೋಣಿಯೋರೆಲ್ಲ ಹಿಂದೆ ಹೋದರಂತೆ. ರಾಜ ಬೆಲೆ ಎಷ್ಟು ಅಂದ್ರೆ, ನನಗೆ ಗೊತ್ತಿಲ್ಲ ಬುದ್ಧಿ, ಬಸಂತಪ್ಪನವರೇ ಹೇಳಿದಾರೆ ಅಂದಳಂತೆ. ನೂರು, ಇನ್ನೂರು, ಐನೂರು ಅಂತ ಎಲ್ಲರೂ ಒಟ್ಟಿಗೇ ಹೇಳಿದರಂತೆ. ರಾಜ ಮುತ್ತಜ್ಜನ ನಾಣ್ಯನ ಕಣ್ಣಿಗೆ ಒತ್ಕೊಂಡು ಅಷ್ಟೂ ಎಣಿಸಿ ಕೊಟ್ಟನಂತೆ.

ಆಮೇಲೆ ಹೊಸ ದೋಣಿ ಬಂತಂತೆ, ಹೊನ್ನೆ ಮರದ್ದು, ಹಕ್ಕೂ ಉಳೀತಂತೆ. ಊರೋರು ಹಳೇ ನಾಣ್ಯ ಸಿಕ್ಕಿದ್ರೆ ಜಡಿಯನ ಕೈಲಿ ಕೊಟ್ಟು ಕಳಿಸೋರಂತೆ, ಅವನು ರಾಜನಿಗೆ ಮಾರಿ, ಎಲ್ಲರೆದುರಿಗೆ ಬೆಲೆ ಹೇಳಿ, ತನ್ನ ಪಾಲು ಮಾತ್ರ ಇಟ್ಕೊಳ್ಳೋನಂತೆ. ಅದರಲ್ಲೇ ಮೂರೂ ಜನ ಅಣ್ಣತಮ್ಮಂದಿರು ಮನೆ ಕಟ್ಟಿ, ಮದುವೆ ಮಾಡ್ಕೊಂಡು ಚೆನ್ನಾಗಿದ್ದರಂತೆ.

ಏನಂದೆ? ಬಸಂತಪ್ಪನ ಮೇಲೆ ಚೆನ್ನಾಜಿ ಸಿಟ್ಟು ಹೋಯ್ತಾ ಅಂತಾನಾ? ಇಲ್ಲ ಕಣೋ. ಯಾಕೆ ಹೋಗಬೇಕು? ಅವನು ಬಂದಾಗೆಲ್ಲ ಹೊಸ ದೋಣೀಲಿ ಕೂರಿಸ್ಕೊಂಡಳು, ನೆನೆಯದ ಹಾಗೆ ದಾಟಿಸಿದಳು, ಅವನ ಜೊತೆ ಮಾತ್ರ ಸಾಯೋವರೆಗೂ ಒಂದು ಮಾತಾಡಲಿಲ್ಲವಂತೆ. ದೋಣಿ ದಡ ಮುಟ್ತು, ನನ್ನ ಕತೆ ಮುಗೀತು, ಮಲಕ್ಕೋ ನನ್ನಪ್ಪ.