ಹಳ್ಳದ ದಂಡೆಯ ಅತ್ತಿ

ಮಂಗಟ್ಟೆ ಹಕ್ಕಿಯ ಹೆಂಡತಿ ಮರದ ಪೊಟರೆಯ ಬಾಯಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸಂದು ಬಿಟ್ಟು, ಮರಿಗಳೊಡನೆ ಒಳಗೆ ಕೂತಿದ್ದಳು. ಹೊರಗಿನಿಂದ ಗಂಡನೇ ಉಣಿಸಬೇಕು.

"ಮರಿಗಳು ಹಸಿದಿವೆ. ಏನಾದರೂ ಸಿಕ್ಕಿತೇ?"

"ಕಾಡೆಲ್ಲ ಸುತ್ತಿದೆ, ಒಂದು ಹಣ್ಣೂ ಇಲ್ಲ."

"ಹಳ್ಳದ ದಂಡೆಯ ಅತ್ತಿ ಮರ?"

"ಅದು ಗೊಡ್ಡು, ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಅದರಲ್ಲಿ ಒಂದು ಹೂವನ್ನೂ ನಾನು ಕಂಡಿಲ್ಲ."

"ಆದರೂ ಹೋಗಿ ನೋಡಿ ಬನ್ನಿ."

ಮಂಗಟ್ಟೆ ಒಲ್ಲದ ಮನಸ್ಸಿನಿಂದ ಹಾರಿತು. ಅತ್ತಿಯ ಬುಡದಿಂದ ಕೊಂಬೆಯವರೆಗೆ ಕೆಂಪು ಹಣ್ಣಿನ ಗೊಂಚಲು! ಮಂಗಟ್ಟೆಗೆ ನಾಚಿಕೆಯಾಯಿತು.

"ಅತ್ತಿಯಮ್ಮಾ, ನಿನ್ನನ್ನು ಗೊಡ್ಡೆಂದು ಎಲ್ಲರೆದುರು ಆಡಿಕೊಂಡೆ. ತಪ್ಪಾಯಿತು. ಆದರೆ ನಿನ್ನ ಹೂಗಳೆಲ್ಲಿದ್ದವು?"

"ಕಾಯಿಯೊಳಗೇ ಅರಳಿದ್ದವು."

"ಯಾರಿಗೂ ಹೇಳಲೇ ಇಲ್ಲವಲ್ಲ!"

"ಪುಟ್ಟ ಕಣಜದ ಹುಳು ಹತ್ತಿರ ಬಂದು ಕಾಯಿಯ ಬಾಗಿಲು ತಟ್ಟಿತು, ತೆರೆದೆ. ನೀನು ದೂರದಿಂದಲೇ ನೋಡಿಕೊಂಡು ಹೋದೆ. ಇರಲಿ, ಮರಿಗಳು ಕಾಯುತ್ತಿವೆ, ಅವುಗಳ ಹೊಟ್ಟೆ ತುಂಬುವಷ್ಟು ಒಯ್ಯಿ."

ಮಂಗಟ್ಟೆ ಗಂಟಲ ತುಂಬ ಹಣ್ಣು ಹೊತ್ತು ಹಾರಿತು. ಒಂದೊಂದಾಗಿ ಸಂದಿನೊಳಗೆ ಕೊಟ್ಟಂತೆಲ್ಲ ಮರಿಗಳ ಗಲಾಟೆ ಪೊಟರೆಯನ್ನೇ ನಡುಗಿಸಿತು. ಹೆಂಡತಿ ನಕ್ಕಳು. ಆಮೇಲೆ ಮಂಗಟ್ಟೆ ತಾನೊಂದು ಹಣ್ಣನ್ನೂ ತಿನ್ನದೆ, ತನ್ನ ಒರಟು ದನಿಯಲ್ಲಿ ಕಾಡಿಗೆಲ್ಲ ಸಾರುತ್ತ ಹಾರಿತು: "ಹಸಿದವರೆಲ್ಲ ಬನ್ನಿ! ಅತ್ತಿ ಹಣ್ಣಾಗಿದೆ!"

ಸಂಜೆಯ ಹೊತ್ತಿಗೆ ಆ ಮರದಲ್ಲಿ ಕೂರಲು ಒಂದು ಕೊಂಬೆಯೂ ಖಾಲಿ ಇರಲಿಲ್ಲ.