ತಾನೇ ಸಿಕ್ಕಿಸಿದ ವೈರು

"ಬುದ್ಧಿ, ಇದು ನನಗೆ ಮೂರನೆಯ ಮಠ. ಮೊದಲನೆಯದರಲ್ಲಿ ಗುರು ಸರಿಯಿಲ್ಲ, ಎರಡನೆಯದರಲ್ಲಿ ಜೊತೆಯವರು ಸರಿಯಿಲ್ಲ, ಇಲ್ಲಿ ಬರೀ ಗದ್ದಲ. ಮನಸ್ಸು ನಿಲ್ಲುತ್ತಿಲ್ಲ. ದೋಷ ಎಲ್ಲಿದೆ?" ಎಂದು ಶಿಷ್ಯ ಗುರುಬಸವ ಕೇಳಿದ.

ಈ ತಿಂಗಳಲ್ಲಿ ಇದು ಆರನೆಯ ಸಲ. ಸ್ವಾಮಿಗಳು ಹಣೆ ಚಚ್ಚಿಕೊಂಡರು. ಕೂತುಕೋ ಮಾರಾಯ ಎಂದು ಕತೆ ಶುರುಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿ. ಅವನ ಹೆಂಡತಿ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಆ ಸಂಜೆ ಐದಕ್ಕೆ ಗಡುವು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಮತ್ತೆ ಈ ಜನ್ಮದಲ್ಲಿ ಇಲ್ಲ. ಫೋನಿನಲ್ಲಿ ಆ ಅರ್ಜಿ ತೆರೆಯುವುದಿಲ್ಲ. ಬೆಳಿಗ್ಗೆ ಕೂತರೆ ಮನೆಯ ಕಂಪ್ಯೂಟರಿಗೆ ನೆಟ್ ಇಲ್ಲ.

ವ್ಯಾಪಾರಿ ಕಂಪ್ಯೂಟರನ್ನು ನಾಲ್ಕು ಸಲ ಆರಿಸಿ ಹಚ್ಚಿದ. ನೆಟ್ ಕೊಟ್ಟವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಲೈನು ಸರಿಯಾಗಿದೆ, ಕಂಪ್ಯೂಟರಿನ ಪಕ್ಕದ ನೆಟ್ಟಿನ ಡಬ್ಬಿಯ ಹಿಂದಿನ ವೈರು ನೋಡಿ ಎಂದರು ಅವರು. ಆ ಮಹಾನುಭಾವ ಕುರ್ಚಿಯಿಂದ ಏಳದೆಯೇ ನೋಡಿದೆ ಎಂದ. ರಸ್ತೆ ಅಗೆದವರಿಗೂ ಶಾಪ ಹಾಕಿದ. ಪಕ್ಕದ ಮನೆಗೆ ಹೋಗಿ ಅರ್ಜಿ ಹಾಕಿ ಬರುತ್ತೇನೆ ಎಂದಳು ಹೆಂಡತಿ. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮಂದಿಯ ಮನೆಗೆ ಹೋಗುವುದೇ ಎಂದು ಅದಕ್ಕೂ ತಡೆದ.

"ಮೊನ್ನೆ ಆಯುಧಪೂಜೆಗೆ ನೀವು ಎಲ್ಲ ಬಿಚ್ಚಿ ಒರೆಸಿದಿರಲ್ಲ, ಆ ವೈರನ್ನು ಒಮ್ಮೆ ನೋಡಬಾರದೇ?" ಎಂದಳು.

"ಅದು ನಾನೇ ಸಿಕ್ಕಿಸಿದ್ದು. ಅದರಲ್ಲಿ ನೋಡುವುದೇನಿದೆ?"

ಅವಳು ಕೈಹಾಕಲು ಹೋದರೆ, ಇದ್ದದ್ದನ್ನೂ ಕೆಡಿಸಬೇಡ ಎಂದು ಗದರಿದ. ಹೀಗೇ ಹೊತ್ತು ಹೋಯಿತು. ಐದಕ್ಕೆ ಎರಡು ನಿಮಿಷವಿದ್ದಾಗ ಎದ್ದು ಬೀದಿಗೆ ಹೋಗಿ, ಕಂಬದ ಮೇಲಿನ ತಂತಿ ನೋಡುತ್ತ ನಿಂತ. ಅವಳು ಡಬ್ಬಿ ತಿರುಗಿಸಿದಳು. ಹೊರಗಿನಿಂದ ಬಂದ ವೈರು ಪಕ್ಕದ ತೂತಿನಲ್ಲಿತ್ತು. ಕಿತ್ತು ಸರಿಯಾದ ತೂತಿಗೆ ಹಾಕಿದಳು. ಡಬ್ಬಿಯ ದೀಪ ಹತ್ತಿತು. ಪುಟ ತೆರೆಯುವಷ್ಟರಲ್ಲಿ ಐದು ದಾಟಿತ್ತು. ಅವಧಿ ಮುಗಿದಿದೆ ಎಂದು ಬರೆದಿತ್ತು.

 ಪೂಜೆಗೆ ಇಟ್ಟಿದ್ದ ಹೂವು ಕಂಪ್ಯೂಟರಿನ ಮೇಲೆ ಬಾಡಿತ್ತು, ಅದನ್ನು ತೆಗೆದು ಹೊರಗೆ ಎಸೆದಳು. ಅಷ್ಟರಲ್ಲಿ ಗಂಡ ಒಳಗೆ ಬಂದು ದೀಪ ನೋಡಿದ. ನಾನು ಹಾಗೆ ಬೈದದ್ದಕ್ಕೇ ಸರಿಮಾಡಿದ್ದಾರೆ ಎಂದ.

ಗುರುಬಸವನಿಗೆ ನಗು ತಡೆಯಲಾಗಲಿಲ್ಲ. ಎಂಥ ದಡ್ಡನಿರಬೇಕು ಬುದ್ಧಿ, ಎಲ್ಲರನ್ನೂ ದೂರಿ ಅದೊಂದನ್ನೇ ನೋಡಲಿಲ್ಲವಲ್ಲ ಎಂದ.

ಸ್ವಾಮಿಗಳು ಅವನನ್ನೇ ನೋಡಿದರು.

"ಮೂರು ಮಠಕ್ಕೂ ನಿನ್ನ ಜೊತೆ ತಪ್ಪದೆ ಬಂದವನೊಬ್ಬನಿದ್ದಾನಲ್ಲ, ಅವನನ್ನು ಒಮ್ಮೆಯಾದರೂ ನೋಡಿದೆಯಾ?"

ಗುರುಬಸವನ ನಗು ನಿಂತಿತು.